ವಿಮಾನದಕ್ಕ ತೆಗೆದ ಅಳತೆ

ಪರದೆ ಹೊಲಿಯುವ ಅಂಗಡಿಯ ಅಕ್ಕನಿಗೆ ಬೀದಿಯವರೆಲ್ಲ ವಿಮಾನದಕ್ಕ ಎಂದು ಹೆಸರಿಟ್ಟಿದ್ದರು. ಹೆಸರು ಕೇಳಿದವರು ಅವಳು ದೇಶ ದೇಶ ಸುತ್ತಿ ಬಂದವಳೆಂದು ತಿಳಿಯುತ್ತಿದ್ದರು. ನಿಜ ಹೇಳಬೇಕೆಂದರೆ ಅವಳು ಸ್ಟೂಲಿನ ಮೇಲೆ ನಿಂತರೂ ತಲೆ ತಿರುಗುತ್ತದೆ ಎನ್ನುವವಳು. ಹೊಲಿದ ಪರದೆಗಳನ್ನು ಗಿರಾಕಿಗಳ ಕಿಟಕಿಗೆ ಏರಿಸಲು ಏಣಿ ಹತ್ತುವುದು ಅವಳ ಗಂಡನ ಪಾಲಿನ ಕೆಲಸ. ಅವನು ಮೇಲೆ ನಿಂತು ಮೊಳೆ ಹೊಡೆಯುವಾಗ ಇವಳು ಕೆಳಗೆ ಏಣಿ ಹಿಡಿದು, ತಾನೇ ಬೀಳುತ್ತಿರುವ ಹಾಗೆ ಕಣ್ಣು ಮುಚ್ಚಿಕೊಂಡಿರುತ್ತಿದ್ದಳು.

ಇಂಥವಳಿಗೆ ಹಳೆಯ ವಿಮಾನಗಳೆಂದರೆ ಪ್ರಾಣ. ಹೊಸವು ತಲೆಯ ಮೇಲೆ ಹಾದುಹೋದರೆ ಕತ್ತೆತ್ತಿಯೂ ನೋಡುತ್ತಿರಲಿಲ್ಲ. "ಅವಕ್ಕೇನು, ದುಡಿಯೋ ವಯಸ್ಸು" ಎನ್ನುವಳು. ಹಾರುವುದನ್ನು ನಿಲ್ಲಿಸಿ ಮೂಲೆಗೆ ಬಿದ್ದವುಗಳ ಮೇಲೆಯೇ ಅವಳ ಕಣ್ಣು. ಯಾವುದು ಎಲ್ಲಿ ನಿಂತಿದೆ, ಯಾವುದಕ್ಕೆ ಬಣ್ಣ ಬಳಿದರು, ಯಾವುದರ ಚಕ್ರ ಕಳವಾಯಿತು ಎಂಬುದೆಲ್ಲ ನೆಂಟರಿಷ್ಟರ ಸುದ್ದಿಯ ಹಾಗೆ ಅವಳ ನಾಲಿಗೆಯ ತುದಿಯಲ್ಲಿತ್ತು. ಒಂದು ವಿಮಾನಕ್ಕೆ ಮೆಟ್ಟಿಲು ಕಟ್ಟಿ ಉದ್ಯಾನದಲ್ಲಿ ಮಕ್ಕಳ ಜಾರುಬಂಡೆ ಮಾಡಿದಾಗ, "ಹೋಗಲಿ, ಮುಪ್ಪಿನಲ್ಲಿ ಮೊಮ್ಮಕ್ಕಳ ಜೊತೆಗಾದರೂ ಇದೆ" ಎಂದು ಸಮಾಧಾನ ಮಾಡಿಕೊಂಡಳು. ಇನ್ನೊಂದನ್ನು ಗುಜರಿಯವನು ಕೊಯ್ದು ಕರಗಿಸಿದ ಸುದ್ದಿ ಬಂದಾಗ ಮಾತ್ರ, ಮನೆಗೆ ಆಗಷ್ಟೇ ತಂದಿದ್ದ ಅಲ್ಯುಮಿನಿಯಂ ಪಾತ್ರೆಯನ್ನು ಒಲೆಯ ಮೇಲಿಡಲು ಒಪ್ಪಲಿಲ್ಲ. "ಯಾರೋ ಏನೋ" ಎಂದು ಅದನ್ನು ಅಟ್ಟಕ್ಕೆ ಹಾಕಿಸಿದಳು.

ಭಾನುವಾರ ಅವಳು ಅಂಗಡಿಯ ಬಾಗಿಲೆಳೆದು ಹೊರಟರೆ ಗಂಡ ಪೇಪರಿನಿಂದ ತಲೆ ಎತ್ತದೆ ಕೇಳುವನು.

"ತವರಿಗಾ?"

"ಹೂಂ."

"ನಿಮ್ಮಪ್ಪನಿಗೆ ಎಣ್ಣೆ ಸೋರೋದು ನಿಂತಿದೆಯಾ?"

"ನಿಮ್ಮ ಬಾಯಿ ನಿಂತ ದಿನ ಅದೂ ನಿಲ್ಲತ್ತೆ."

ಆ ತವರು ಊರಂಚಿನ ಹಳೆಯ ವಿಮಾನ ಮೈದಾನದ ಒಂದು ಶೆಡ್. ನಡುವೆ ಕೆಲವು ಕಾಲ ಗೋದಾಮಾಗಿದ್ದುದರಿಂದ ಅದರ ದೊಡ್ಡ ಬಾಗಿಲನ್ನು ಎರಡೂ ಕಡೆ ಇಟ್ಟಿಗೆ ಕಟ್ಟಿ ಕಿರಿದು ಮಾಡಿದ್ದರು. ಹಿಂಬದಿಗೆ ಗೋಡೆಯೇ ಇಲ್ಲ, ತುಕ್ಕು ಹಿಡಿದ ತಗಡು. ಗಾಳಿ ಬೀಸಿದರೆ ಮುದುಕರ ಹಲ್ಲಿನ ಸೆಟ್ಟಿನ ಹಾಗೆ ಕಟಕಟ ಎನ್ನುವುದು. ಒಳಗೆ ಒಂದರ ಮೇಲೊಂದು ರೆಕ್ಕೆಯ, ಮರದ ಮೂಳೆ ಬಟ್ಟೆಯ ಚರ್ಮದ ಪುಟ್ಟ ವಿಮಾನ. ಅದನ್ನು ರಿಪೇರಿ ಮಾಡುತ್ತಿದ್ದವನು ನಿವೃತ್ತ ಮೆಕ್ಯಾನಿಕ್. ಅವನು ಕೈ ಚಾಚಿದರೆ ಯಾರೂ ಕುಲುಕುತ್ತಿರಲಿಲ್ಲವಾದ್ದರಿಂದ ಗ್ರೀಸ್ ಮಾಮ ಎಂದು ಹೆಸರಾಗಿದ್ದ.

ಮೊದಲು ವಿಮಾನದಕ್ಕ ಬಾಗಿಲಲ್ಲಿ ನಿಂತು ನೋಡಿಕೊಂಡು ಹೋಗುತ್ತಿದ್ದಳು. ಅವಳ ಕೊರಳಲ್ಲಿ ನೇತಾಡುತ್ತಿದ್ದ ಅಳತೆಯ ಟೇಪನ್ನು ಕಂಡು ಗ್ರೀಸ್ ಮಾಮ ಒಂದು ದಿನ ಒಳಗೆ ಕರೆದ. ರೆಕ್ಕೆಗಳಿಗೆ ಬಟ್ಟೆಯ ಗವುಸು ಬೇಕಿತ್ತು. ಹೊಲಿದು, ತೊಡಿಸಿ, ಮೇಲೆ ಘಾಟು ಹೊಡೆಯುವ ಅರಗು ಬಳಿದರೆ ಬಟ್ಟೆ ಬಿಗಿದು ತಮಟೆಯಂತಾಗುತ್ತದೆ ಎಂದು ವಿವರಿಸಿದ. ಅವಳು ಊಟ ನಿದ್ದೆ ಮರೆತು ಮೊದಲ ಗವುಸು ಹೊಲಿದು ತಂದಳು. ಅವನು ಬಿಡಿಸಿ ನೋಡಿ ಅಂಚಿನ ಹತ್ತಿರ ಬೆರಳು ತೂರಿಸಿದ.

"ಇದೇನು ತಾಯಿ, ಇಲ್ಲಿ ಕೊಳವೆ ಥರ ಮಡಚಿದೀಯ?"

"ಕಂಬಿ ಪೋಣಿಸೋಕೆ."

"ಯಾವ ಕಂಬಿ?"

ಅವಳ ಮುಖ ಕೆಂಪಾಯಿತು. "ಕೈ ತಾನಾಗೇ ಮಡಚಿಬಿಡ್ತು ಮಾಮ. ಜನ್ಮವೆಲ್ಲ ಪರದೆ ಹೊಲಿದ ಕೈ."

ಅಂದಿನಿಂದ ಅವನು ಸುಮ್ಮನಿದ್ದ ಭಾನುವಾರವಿಲ್ಲ. "ಬಿಸಿಲು ಜಾಸ್ತಿ ಆಯ್ತು, ರೆಕ್ಕೆ ಎಳೀಲಾ?" ಎನ್ನುವನು. ಅವಳು ಗವುಸನ್ನು ಬಿಚ್ಚಿ ಮತ್ತೆ ಹೊಲಿದಳು. ಆಮೇಲೆ ಉಳಿದ ಮೂರನ್ನೂ.

ಅವಳ ಆಸೆ ದೊಡ್ಡದೇನಲ್ಲ. ಅದು ಹಾರಬೇಕೆಂದಲ್ಲ, ಹಾರಿದರೆ ಬಿದ್ದೀತೆಂಬ ಹೆದರಿಕೆ ಅವಳಿಗೇ ಇತ್ತು. ಒಮ್ಮೆ ಬಿಸಿಲಲ್ಲಿ ತನ್ನ ಕಾಲ ಮೇಲೆ ನಿಂತು ಅದರ ಎಂಜಿನ್ ಗುಡುಗಬೇಕು, ತಾನದನ್ನು ನೆಲದ ಮೇಲೆ ನಿಂತು ಕೇಳಬೇಕು. ಅಷ್ಟೆ.

ಆ ವಿಮಾನ ಊರಿನ ಹಳೆ ವಿಮಾನ ಪ್ರಿಯರ ಸಂಘದ್ದು. ಒಂದು ದಿನ ಸಂಘದ ಅಧ್ಯಕ್ಷರು ಬಂದು ಸುದ್ದಿ ಹೇಳಿದರು. ಅವರು ಹಿಂದೆ ಹಲ್ಲಿನ ಡಾಕ್ಟರು. ವಿಮಾನಕ್ಕಿಂತ ವಿಮಾನದ ಪಕ್ಕ ನಿಂತು ಹಲ್ಲು ತೋರಿಸಿ ತೆಗೆಸಿಕೊಂಡ ಫೋಟೋಗಳ ಮೇಲೆ ಅವರಿಗೆ ಮಮತೆ ಹೆಚ್ಚು.

"ಹೊಸ ಮಾಲ್‌ನವರು ಕೇಳಿದಾರೆ. ನಟ್ಟನಡುವೆ ಮೇಲಿಂದ ನೇತು ಹಾಕ್ತಾರಂತೆ. ಕೆಳಗೆ ನಮ್ಮ ಸಂಘದ ಹೆಸರು. ಎಂಜಿನ್ ಮಾತ್ರ ಭಾರ, ತೆಗೆದುಬಿಡಬೇಕಂತೆ. ಆ ಜಾಗದಲ್ಲಿ ಬಣ್ಣದ ದೀಪ."

ಗ್ರೀಸ್ ಮಾಮ ಸ್ಪ್ಯಾನರ್ ಕೆಳಗಿಟ್ಟ. "ಹಲ್ಲು ಕಿತ್ತ ಹಾಗಲ್ಲ ಸಾರ್ ಅದು."

"ಮಾತು ಕೊಟ್ಟಾಗಿದೆ. ಬರೋ ವಾರ ಲಾರಿ ಬರತ್ತೆ."

ವಿಮಾನದಕ್ಕನ ಕಣ್ಣು ರೆಕ್ಕೆಯಿಂದ ಬಾಗಿಲಿಗೆ ಹೋಯಿತು, ಬಾಗಿಲಿಂದ ಮತ್ತೆ ರೆಕ್ಕೆಗೆ ಬಂತು. ರೆಕ್ಕೆಗಳಿನ್ನೂ ಗೋಡೆಗೆ ಒರಗಿಕೊಂಡಿದ್ದವು. ಆಮೇಲೆ ಅವಳು ಬಲು ಸಾಧುವಾಗಿ ಬಾಯಿಬಿಟ್ಟಳು.

"ಒಳ್ಳೇದಾಯ್ತು ಬಿಡಿ ಸಾರ್. ಆದರೆ ಮಾಲ್‌ಗೆ ಹೋದಮೇಲೆ ಅದು ಮೇಲೆ, ನೀವು ಕೆಳಗೆ. ಒಂದೇ ಫೋಟೋದಲ್ಲಿ ಇಬ್ಬರೂ ಹೇಗೆ ಹಿಡಿಸ್ತೀರಿ? ಕಳಿಸೋ ಮುಂಚೆ ರೆಕ್ಕೆ ಕೂಡಿಸಿ, ಪಕ್ಕದಲ್ಲಿ ನಿಂತು ಒಂದು ಒಳ್ಳೆ ಫೋಟೋ ತೆಗೆಸ್ಕೊಳ್ಳಿ."

ಅಧ್ಯಕ್ಷರು ಕೆನ್ನೆ ಸವರಿಕೊಂಡರು. "ಹೌದಲ್ಲ."

ಗ್ರೀಸ್ ಮಾಮ ಬಾಗಿಲ ಕಡೆ ನೋಡಿದ, ಅವಳ ಕಡೆ ನೋಡಿದ, ಇದ್ದಕ್ಕಿದ್ದಂತೆ ಕೆಮ್ಮು ಬಂದವನ ಹಾಗೆ ಆಚೆ ಹೋದ.

ವಾರವಿಡೀ ಕೆಲಸ ಭರದಿಂದ ಸಾಗಿತು. ಅವನು ರೆಕ್ಕೆಗಳನ್ನು ಕೂಡಿಸಿ ತಂತಿ ಬಿಗಿದ. ಅವಳು ರೆಕ್ಕೆ ಮೈಗೆ ಸೇರುವ ಕಡೆಯೆಲ್ಲ ಬಟ್ಟೆಯ ಪಟ್ಟಿ ಅಂಟಿಸಿ, ಅರಗಿನ ಮೇಲೆ ಅರಗು ಬಳಿದಳು. ಇನ್ನು ರೆಕ್ಕೆ ಬಿಚ್ಚಬೇಕೆಂದರೆ ಬಟ್ಟೆಯನ್ನು ಸೀಳಬೇಕು. ಅಧ್ಯಕ್ಷರು ಬಂದು ಎಡಗಡೆಯಿಂದ, ಬಲಗಡೆಯಿಂದ, ಸೀಟಿನಲ್ಲಿ ಕುಳಿತು ಫೋಟೋ ತೆಗೆಸಿಕೊಂಡರು. ಬಾಗಿಲ ಕಡೆ ಅವರು ತಿರುಗಲೇ ಇಲ್ಲ. ಕ್ಯಾಮೆರಾ ಇದ್ದದ್ದು ಒಳಗೆ.

ಲಾರಿ ಬಂದ ದಿನ ಮಾಲ್‌ನ ಮ್ಯಾನೇಜರು ಟೇಪ್ ಹಿಡಿದು ಬಂದ. ಬಾಗಿಲು ಅಳೆದ, ರೆಕ್ಕೆ ಅಳೆದ, ತಪ್ಪಾಯಿತೇನೋ ಎಂದು ತಿರುಗಿ ಬಾಗಿಲು ಅಳೆದ.

"ಬಾಗಿಲು ಚಿಕ್ಕದು."

"ಬಾಗಿಲು ಸರಿಯಾಗೇ ಇದೆ, ರೆಕ್ಕೆ ದೊಡ್ಡದು" ಎಂದ ಗ್ರೀಸ್ ಮಾಮ.

"ಹಾಗಾದ್ರೆ ರೆಕ್ಕೆ ಬಿಚ್ಚಿ."

"ಬಟ್ಟೆ ಹರೀಬೇಕು. ಆಮೇಲೆ ಈ ಅಕ್ಕ ಹೊಲೀಬೇಕು."

ಮ್ಯಾನೇಜರು ಅಕ್ಕನ ಕಡೆ ತಿರುಗಿದ. ಅವಳು ಸೂಜಿಗೆ ದಾರ ಪೋಣಿಸುತ್ತಿದ್ದಳು. "ಪರದೆ ಕೆಲಸ ತಲೆ ಮೇಲಿದೆ ಸಾರ್. ಮುಂದಿನ ವರ್ಷ ಬನ್ನಿ, ನೋಡೋಣ."

"ಈ ಇಟ್ಟಿಗೆ ಒಡೆಸಿಬಿಡಿ ಮತ್ತೆ."

"ಮೈದಾನದ ಆಫೀಸಿನವರು ಒಪ್ಪಬೇಕು" ಎಂದರು ಅಧ್ಯಕ್ಷರು, ಬೆವರು ಒರೆಸಿಕೊಳ್ಳುತ್ತ. "ಅವರು ಬಲ್ಬ್ ಬದಲಾಯಿಸೋಕೇ ಒಪ್ಪಿಲ್ಲ."

ಮ್ಯಾನೇಜರು ಟೇಪನ್ನು ಸರ್ರೆಂದು ಒಳಗೆ ಬಿಟ್ಟ. "ಬೇಡ ಬಿಡಿ. ಫೈಬರ್‌ನಲ್ಲಿ ಒಂದು ಮಾಡಿಸ್ತೀವಿ. ಇದಕ್ಕಿಂತ ಚೆನ್ನಾಗಿ ಕಾಣ್ಸತ್ತೆ, ಎಣ್ಣೇನೂ ಸೋರಲ್ಲ."

ಲಾರಿ ಬಂದ ದಾರಿಯಲ್ಲೇ ಹೋಯಿತು. ಗೆದ್ದರೂ ಆ ಕೊನೆಯ ಮಾತು ವಿಮಾನದಕ್ಕನಿಗೆ ಚುಚ್ಚಿತು. ಅಧ್ಯಕ್ಷರು ಅವಳನ್ನೇ ದಿಟ್ಟಿಸಿದರು.

"ಅಕ್ಕಾ, ನಿಮಗೆ ಮೊದಲೇ ಗೊತ್ತಿತ್ತು."

"ಅಳತೆ ತಗೊಳ್ಳೋದೇ ನನ್ನ ಕಸುಬಲ್ವಾ ಸಾರ್."

"ಸರಿ. ಈಗ ಇದನ್ನ ನೀವು ಹೊರಗೆ ತರೋದು ಹೇಗೆ?"

ಅವಳ ಸೂಜಿ ಅಲ್ಲೇ ನಿಂತಿತು. ಒಳಗೆ ಉಳಿಸಿಕೊಳ್ಳುವ ಆತುರದಲ್ಲಿ ಹೊರಗೆ ತರುವ ಮಾತೇ ಅವಳಿಗೆ ಹೊಳೆದಿರಲಿಲ್ಲ. ಬಿಸಿಲಿಗಾಗಿ ಇಷ್ಟು ದಿನ ಕಾದವಳು ಅದನ್ನು ಕತ್ತಲಲ್ಲಿ ತಾನೇ ಕೂಡಿಹಾಕಿ, ಮೇಲೆ ಅರಗೂ ಬಳಿದಿದ್ದಳು.

ಮುಂದಿನ ಭಾನುವಾರ ಗಂಡನೂ ಜೊತೆಗೆ ಬಂದ. ಅವಳು ದಿನವಿಡೀ ತಪ್ಪು ಹೊಲಿಗೆ ಹಾಕಿ ಬಿಚ್ಚುವುದನ್ನು ಅವನಿಗೆ ನೋಡಲಾಗಿರಲಿಲ್ಲ. "ಎಂಜಿನ್ ಆದ್ರೂ ಕೇಳು" ಎಂದ ಗ್ರೀಸ್ ಮಾಮ. "ಬಿಸಿಲು ಇಲ್ದೆ ಇದ್ರೆ ಇಲ್ಲ." ವಿಮಾನದ ಮೂತಿ ಬಾಗಿಲಿಗೆ, ಬಾಲ ತಗಡಿಗೆ. ಬಾಲವನ್ನು ನೆಲದ ಕಬ್ಬಿಣದ ಬಳೆಗೆ ಹಗ್ಗದಿಂದ ಬಿಗಿದು, ಚಕ್ರಕ್ಕೆ ಕಲ್ಲು ಕೊಟ್ಟು, ಅಧ್ಯಕ್ಷರನ್ನು ಹಿಂದೆ ಸರಿಸಿ, ಅವನು ಮೂತಿಯ ಪಂಖವನ್ನು ತಿರುವಿದ. ಅದು ಕೆಮ್ಮಿತು. ಮತ್ತೆ ತಿರುವಿದ. ಈ ಸಲ ಗುಡುಗಿತು.

ನಾಲ್ವರೂ ಮೂತಿಯನ್ನೇ ನೋಡುತ್ತಿದ್ದರು. ಗಾಳಿ ಹೋಗುವುದು ಹಿಂದಕ್ಕೆ ಎಂಬುದು ನೆನಪಾದದ್ದು ಅಧ್ಯಕ್ಷರ ಟೋಪಿ ಹಾರಿದಾಗ. ಟೋಪಿಯ ಹಿಂದೆ ಅವಳ ಬಟ್ಟೆಯ ತುಂಡುಗಳು ಹೋದವು, ಗಂಡನ ಪೇಪರು ಹೋಯಿತು, ಆಮೇಲೆ ಒಂದು ತಗಡು ಕಳಚಿತು. ಒಂದು ಹೋದದ್ದನ್ನು ಕಂಡು ಉಳಿದವಕ್ಕೂ ಧೈರ್ಯ ಬಂದ ಹಾಗೆ ಸಾಲಾಗಿ ಮೈದಾನಕ್ಕೆ ಬಿದ್ದವು. ಗ್ರೀಸ್ ಮಾಮ ಎಂಜಿನ್ ನಿಲ್ಲಿಸುವಷ್ಟರಲ್ಲಿ ಶೆಡ್ಡಿನ ಹಿಂಬದಿ ಈ ಕೊನೆಯಿಂದ ಆ ಕೊನೆಯವರೆಗೆ ಬಯಲು.

ಎಲ್ಲರೂ ಅದರ ಅಗಲವನ್ನು ನೋಡಿದರು. ಬಾಗಿಲು ಮುಂದಿದ್ದುದರಿಂದ ಹಿಂದಿನ ಕಡೆಯ ಯೋಚನೆ ಯಾರಿಗೂ, ಮ್ಯಾನೇಜರಿಗೂ, ಬಂದಿರಲಿಲ್ಲ. ವಿಮಾನದಕ್ಕ ಕೊರಳ ಟೇಪನ್ನು ತೆಗೆದು ನಡೆದಳು, ಅಳೆದಳು, ಬಂದು ಬಾಲ ಹಿಡಿದಳು. ನಾಲ್ವರೂ ಸೇರಿ ಎಳೆದು ಬಿಸಿಲಿಗೆ ತಂದರು. ಅಲ್ಲಿ ಅದು ಎರಡನೆಯ ಸಲ ಗುಡುಗಿತು. ಕೆದರಿದ ತಲೆಯಲ್ಲೇ ಅಧ್ಯಕ್ಷರು ಫೋಟೋ ತೆಗೆಸಿಕೊಂಡರು.

"ಇನ್ನು ಆ ಮ್ಯಾನೇಜರ್‌ಗೆ ಗೊತ್ತಾದ್ರೆ?" ಎಂದರು, ಎಂಜಿನ್ ನಿಂತ ಮೇಲೆ. ಹಿಂದಿನ ರಸ್ತೆಯಲ್ಲೇ ಮಾಲ್‌ನ ಲಾರಿಗಳು ಓಡಾಡುತ್ತಿದ್ದವು.

"ನೀವು ಹೇಳ್ತೀರಾ?" ಎಂದಳು ವಿಮಾನದಕ್ಕ.

ಅವರು ಫೋಟೋ ನೋಡಿಕೊಂಡರು. "ನಾನ್ಯಾಕೆ ಹೇಳ್ಲಿ?"

ಆ ವಾರ ಅವಳು ಶೆಡ್ಡಿನ ಬಯಲಾದ ಹಿಂಬದಿಗೆ, ಹುಟ್ಟಿದಾಗಿನಿಂದ ಹೊಲಿಯದಷ್ಟು ದೊಡ್ಡ ಪರದೆ ಹೊಲಿದಳು, ತುಕ್ಕು ತಗಡಿನ ಬಣ್ಣದ್ದು. ಗ್ರೀಸ್ ಮಾಮ ಅಂಚಿನ ಕೊಳವೆಯಲ್ಲಿ ಬೆರಳು ತೂರಿಸಿ ನೋಡಿ, ಏನೂ ಹೇಳದೆ ಕಂಬಿ ಪೋಣಿಸಿದ. ಗಂಡ ಏಣಿ ಹತ್ತಿದ. ಕೆಳಗೆ ಅವಳು ಏಣಿ ಹಿಡಿದಿದ್ದಳು, ಮುಖ ಮಾತ್ರ ಮೈದಾನದ ಬಿಸಿಲಲ್ಲಿ ನಿಂತಿದ್ದ ವಿಮಾನದ ಕಡೆಗಿತ್ತು.

"ಏಣಿ ಹಿಡ್ಕೊಂಡಿದೀಯೋ, ತವರು ನೋಡ್ತಿದೀಯೋ?" ಎಂದ ಮೇಲಿನಿಂದ.

"ಎರಡೂ" ಎಂದಳು ಅವಳು, ಒಂದು ಕೈಯನ್ನು ಆಗಲೇ ಬಿಟ್ಟಿದ್ದಳು.