ಗೊಬ್ಬರದಂಗಡಿಯ ಮೇಲಿನ ಅಟ್ಟ

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಶಿಕಾರಿಪುರದಲ್ಲಿ ನನಗೊಂದು ಕೋಣೆ ಸಿಕ್ಕಿದ್ದರಲ್ಲಿ ಆ ಕೋಪದ ಪಾಲಿದೆ, ಅದು ಇನ್ನೇನು ಕೈತಪ್ಪಬೇಕು ಅನ್ನುವ ಹಾಗಾಗಿದ್ದರಲ್ಲಂತೂ ಪೂರ್ತಿ ಅದರದೇ ಪಾಲು.

ನಾನು ಸೊರಬದ ಕಡೆಯವಳು, ಹಸೆ ಚಿತ್ತಾರ ಬರೆಯುತ್ತೇನೆ. ನಮ್ಮ ಕಡೆ ಮದುವೆಮನೆಯಲ್ಲಿ ಗಂಡು ಹೆಣ್ಣನ್ನು ಕೂರಿಸುವ ಗೋಡೆಗೆ ಕೆಮ್ಮಣ್ಣು ಬಳಿದು, ಅಕ್ಕಿಹಿಟ್ಟಿನ ಬಿಳಿಯಲ್ಲಿ ಗೆರೆ ಎಳೆದು ಬರೆಯುವ ಚಿತ್ರ ಅದು. ಕಲಿಸಿದವಳು ನನ್ನ ದೊಡ್ಡಮ್ಮ. ಮದುವೆಯಾಗಿ ಶಿಕಾರಿಪುರಕ್ಕೆ ಬಂದ ಮೇಲೆ ಬಟ್ಟೆಯ ಮೇಲೆ, ಹಲಗೆಯ ಮೇಲೆ ಬರೆದು ಮಾರತೊಡಗಿದೆ. ಬರೆಯುವುದೆಲ್ಲಿ? ಅಡುಗೆಮನೆಯ ನೆಲದ ಮೇಲೆ. ಒಂದು ಗೆರೆ ಎಳೆಯುವಷ್ಟರಲ್ಲಿ ಕುಕ್ಕರ್ ಕೂಗುತ್ತಿತ್ತು, ಇನ್ನೊಂದು ಎಳೆಯುವಷ್ಟರಲ್ಲಿ ಯಾರಿಗೋ ಕಾಫಿ ಬೇಕಾಗುತ್ತಿತ್ತು. ಒಣಗಲೆಂದು ಹರಡಿದ್ದ ಬಟ್ಟೆಯ ಮೇಲೆ ಸಾರು ಚೆಲ್ಲಿದ ದಿನ ಸೌಟು ಎಸೆದೆ. ಯಾರ ಮೇಲೂ ಅಲ್ಲ, ಸುಮ್ಮನೆ ಎಸೆದೆ. ನನ್ನ ಯಜಮಾನರು ಅದನ್ನು ಎತ್ತಿ ತೊಳೆದಿಟ್ಟು ಹೊರಗೆ ಹೋದರು. ಸಂಜೆ ಬಂದವರೇ, ಪೇಟೆಯ ಗೊಬ್ಬರದಂಗಡಿಯ ಮೇಲೆ ಒಂದು ಅಟ್ಟ ಖಾಲಿ ಇದೆಯಂತೆ, ನೋಡ್ತೀಯಾ ಎಂದು ಕೇಳಿದರು.

ಅಂಗಡಿಯ ಸಾಹುಕಾರರು ಮೂಲತಃ ತೊಗರ್ಸಿಯ ಕಡೆಯವರು. ಅರವತ್ತು ದಾಟಿದ ವಯಸ್ಸು, ಹಣೆ ತುಂಬ ವಿಭೂತಿ, ಮಂಡಿನೋವು. ಅಂಗಡಿಯ ಒಳಗೆ ಹಿಂದಿನ ಗೋಡೆಗೆ ಒತ್ತಿ ಒಂದು ಹಳೆಯ ಮಂಚವಿತ್ತು. ಮಧ್ಯಾಹ್ನ ಊಟವಾದ ಮೇಲೆ ಅದರ ಮೇಲೆ ಅವರು ಒಂದು ತಾಸು ಮಲಗಲೇಬೇಕು, ಆಗ ಯಾರೇ ಬಂದರೂ ಎಬ್ಬಿಸುವ ಹಾಗಿಲ್ಲ. ರೈತರು ಜಗಲಿಯ ಮೇಲೆ ಎಲೆ ಅಡಿಕೆ ಹಾಕಿಕೊಂಡು ಕಾಯುತ್ತಿದ್ದರು. ಮುಂಗಾರಿನ ಹೊತ್ತಿಗೆ ಅಟ್ಟಕ್ಕೆ ಮೆಕ್ಕೆಜೋಳದ ಬೀಜದ ಚೀಲ ಏರಿಸುವುದು ಅವರ ತಂದೆಯ ಕಾಲದಿಂದ ಬಂದ ರೂಢಿ.

“ಮಾಲು ಬರೋತನಕ ಇಟ್ಕೊಳ್ರಿ,” ಎಂದರು. “ಅಷ್ಟರಾಗ ಅದು ಕೆಲಸದ ಜಾಗ ಅಂತ ನನಗ ಅನಿಸಿದ್ರ ಆಮೇಲೆ ನೋಡೋಣು. ಇಲ್ಲಾಂದ್ರ ಚೀಲ ಏರಿಸ್ತೀನಿ. ಬ್ಯಾಸರ ಮಾಡ್ಕೋಬಾರ್ದು.”

ನಾಲ್ಕು ತಿಂಗಳಿತ್ತು. ಅಷ್ಟರಲ್ಲಿ ಆ ಅಟ್ಟ ಕೆಲಸದ ಜಾಗ ಎಂದು ಅವರಿಗೆ ಅನ್ನಿಸಬೇಕಿತ್ತು, ಇಲ್ಲದಿದ್ದರೆ ಮತ್ತೆ ಕುಕ್ಕರಿನ ಪಕ್ಕಕ್ಕೇ ಹೋಗಬೇಕಿತ್ತು.

ಮರದ ಏಣಿಮೆಟ್ಟಿಲು ಹತ್ತಿ ಹೋದರೆ ಮೇಲೆ ಹಲಗೆಯ ನೆಲ, ಹೆಂಚಿನ ಮಾಡು. ನಡುವೆ ಒಂದು ತೊಲೆ ಎಷ್ಟು ತಗ್ಗಿನಲ್ಲಿತ್ತೆಂದರೆ ಮೊದಲ ವಾರ ನನ್ನ ಹಣೆಯಲ್ಲಿ ಮೂರು ಬುಗುಟು. ಇಲಿ ಹಿಕ್ಕೆ, ಜೇಡರ ಬಲೆ, ಜೋಳದ ಧೂಳು ಎಲ್ಲ ಗುಡಿಸಿ ತೆಗೆಯುವುದಕ್ಕೇ ಎರಡು ದಿನ ಹಿಡಿಯಿತು. ಪಿಯುಸಿ ಓದುತ್ತಿದ್ದ ಮಗಳು ಫೋನಿನಲ್ಲಿ ದೊಡ್ಡ ಪಟ್ಟಣದವರು ಅಲಂಕಾರ ಮಾಡಿಕೊಂಡ ಅಟ್ಟಗಳನ್ನು ತೋರಿಸಿದಳು. ಎಲ್ಲ ಕಡೆಯೂ ಹಾಲಿನ ಹಾಗೆ ಬಿಳಿ ಗೋಡೆ, ಕಿಟಕಿಯಲ್ಲಿ ಒಂದು ಗಿಡ, ಒಂದೇ ಒಂದು ಕುರ್ಚಿ. ಇಷ್ಟು ಖಾಲಿ ಇಟ್ಟುಕೊಂಡು ಇವರು ಕೆಲಸ ಏನು ಮಾಡುತ್ತಾರೆ ಎಂದು ನಾನು ಕೇಳಿದೆ. ಅವಳು ಫೋನು ಮುಚ್ಚಿ ಪೊರಕೆ ಹಿಡಿದಳು.

ನಮ್ಮದು ನಮ್ಮ ಹಾಗೇ ಆಯಿತು. ಎರಡು ಹೆಂಚು ತೆಗೆಸಿ ಗಾಜಿನ ಹೆಂಚು ಹಾಕಿಸಿದೆವು, ಬೆಳಕು ಸೀದಾ ಅಟ್ಟದ ನಡುವಿಗೆ ಇಳಿಯಿತು. ಯಾರದೋ ಮನೆ ಕೆಡವಿದಾಗ ಸಿಕ್ಕ ಹಳೆಯ ಬಾಗಿಲನ್ನು ಎರಡು ಡ್ರಮ್ಮಿನ ಮೇಲೆ ಮಲಗಿಸಿದೆ, ಅದೇ ಮೇಜು. ಬರೆಯುವ ಪುಂಡಿ ನಾರಿನ ಕಡ್ಡಿಗಳಿಗೆ ಹಾರ್ಲಿಕ್ಸ್ ಬಾಟಲಿ, ಬಣ್ಣಕ್ಕೆ ತೆಂಗಿನ ಕರಟ. ಅಮ್ಮನ ಹಳೆಯ ಇಳಕಲ್ ಸೀರೆ ಕಿಟಕಿಯ ಪರದೆಯಾಯಿತು. ತೊಲೆಗೆ ಕೆಂಪು ಬಟ್ಟೆ ಸುತ್ತಿದೆ. ಅಲಂಕಾರಕ್ಕೆ ಎಂದು ಎಲ್ಲರೂ ಹೊಗಳಿದರು, ನಿಜವಾಗಿ ಅದು ನನ್ನ ಹಣೆಗಾಗಿ. ಕೊನೆಗೆ ಉಳಿದದ್ದು ಮೂಡಣ ಗೋಡೆ. ಅದಕ್ಕೆ ನಮ್ಮೂರಿನದೇ ಕೆಮ್ಮಣ್ಣು ಬಳಿದು, ಗೋಡೆ ತುಂಬ ಚಿತ್ತಾರ ಬರೆಯಬೇಕೆಂದು ಹಟ ಹಿಡಿದೆ. ಸಾಹುಕಾರರು ಮೆಟ್ಟಿಲು ಹತ್ತಿ ಬಂದು ನೋಡಿದರೆ ಅವರ ಬಾಯಿಂದ ಚೀಲದ ಮಾತೇ ಬರಬಾರದು.

ಮಣ್ಣಿಗಾಗಿ ಸೊರಬಕ್ಕೆ ಹೋದೆ. ದೊಡ್ಡಮ್ಮ ಹಿತ್ತಲಿನ ಮಣ್ಣಿನ ದರೆಯಿಂದ ತಾನೇ ಅಗೆದು, ಜರಡಿ ಹಿಡಿದು ಕೊಟ್ಟಳು. “ಬುಟ್ಟೀಲೇ ತಗಂಡ್ ಹೋಗೇ, ಸಿಕ್ಕಿದ್ದರಲ್ಲಿ ತುಂಬ್‌ಬ್ಯಾಡ,” ಎಂದು ಎರಡು ಸಲ ಹೇಳಿದಳು. ಬಸ್ಸಿನಲ್ಲಿ ಬುಟ್ಟಿ ಹೊತ್ತು ಕೂತರೆ ಕಂಡಕ್ಟರ್ ಹತ್ತಿರ ಯಾರು ಮಾತು ಕೇಳಬೇಕು? ಕೊಟ್ಟಿಗೆಯಲ್ಲಿ ಮೊಳೆಗೆ ತೂಗುಹಾಕಿದ್ದ ಖಾಲಿ ಚೀಲ ತೆಗೆದೆ, ತಲೆಕೆಳಗು ಮಾಡಿ ಎರಡು ಸಲ ಝಾಡಿಸಿದೆ, ಮಣ್ಣು ತುಂಬಿ ಬಾಯಿ ಕಟ್ಟಿದೆ. ನಮ್ಮಲ್ಲಿ ಖಾಲಿ ಚೀಲಕ್ಕೆ ಯಾರು ಜಾತಕ ಕೇಳುತ್ತಾರೆ? ಅದರಲ್ಲೇ ಹಸುವಿಗೆ ಹುಲ್ಲು, ಅದರಲ್ಲೇ ನೆಂಟರಿಗೆ ತೆಂಗಿನಕಾಯಿ.

ಗೋಡೆ ಬಳಿದೆ. ಹನ್ನೆರಡು ದಿನ ಕೂತು ಬರೆದೆ. ಮದುಮಕ್ಕಳನ್ನು ಕೂರಿಸಿದ ದಂಡಿಗೆ, ಅದನ್ನು ಹೊರುವವರು, ಹಕ್ಕಿ, ಸುತ್ತಲೂ ಭತ್ತದ ತೆನೆ. ಬರೆದು ಮುಗಿಸಿ ಕೆಳಗೆ ಕೂತು ನೋಡಿದಾಗ ಅಳು ಬಂತು, ಇಷ್ಟು ದೊಡ್ಡದಾಗಿ ಬರೆಯಲು ನನಗೆ ಜಾಗ ಸಿಕ್ಕಿದ್ದು ಅದೇ ಮೊದಲು. ಒಂದು ವಾರಕ್ಕೆ ಗೋಡೆ ಬೆವರತೊಡಗಿತು. ಮೋಡ ಕವಿದ ದಿನ ಒದ್ದೆ, ಬಿಸಿಲಿನ ದಿನ ಉಪ್ಪಿನ ಹಾಗೆ ಬಿಳಿ ಪುಡಿ. ದಂಡಿಗೆಯ ಗೆರೆ ಯಾವುದು, ಪುಡಿ ಯಾವುದು ಗೊತ್ತಾಗದ ಹಾಗೆ ಎಲ್ಲ ಉದುರತೊಡಗಿತು.

ನನಗೆ ರೇಗಿಹೋಯಿತು. ಸೋರುವ ಮಾಡು, ತೇವದ ಗೋಡೆ, ಹೆಂಗಸು ಎಂದು ಏಮಾರಿಸಿದ್ದಾರೆ! ಧಡಧಡ ಇಳಿದು ಹೋಗಿ, ನಾಲ್ಕು ಜನ ಗಿರಾಕಿಗಳ ಎದುರಿಗೇ, ಮಂಚದ ಮೇಲೆ ಆಗಷ್ಟೇ ಕಣ್ಣು ಮುಚ್ಚಿದ್ದ ಸಾಹುಕಾರರನ್ನು ಎಬ್ಬಿಸಿದೆ. ಬಾಯಿಗೆ ಬಂದದ್ದೆಲ್ಲ ಅಂದೆ. ನಿಮ್ಮ ಚೀಲಕ್ಕೂ ಆ ಗೋಡೆ ಲಾಯಕ್ಕಿಲ್ಲ ಎಂದೂ ಅಂದೆ. ಅವರು ಎದ್ದು, ಒಂದೊಂದೇ ಮೆಟ್ಟಿಲಿಗೆ ಮಂಡಿ ಹಿಡಿದುಕೊಂಡು ಹತ್ತಿದರು. ಮೊದಲು ಮಾಡು ನೋಡಿದರು, ಒಣಗಿತ್ತು. ಆಮೇಲೆ ಗೋಡೆಯ ಬಿಳಿ ಪುಡಿಯನ್ನು ಬೆರಳ ತುದಿಗೆ ತೆಗೆದುಕೊಂಡು ನಾಲಗೆಗೆ ಮುಟ್ಟಿಸಿದರು.

“ನಾಲಗಿಗೆ ತಣ್ಣಗ ಹತ್ತೇತಿ. ಯೂರಿಯಾ ರೀ ಇದು,” ಎಂದರು. “ಮಣ್ಣು ಯಾವ ಚೀಲದಾಗ ತಂದ್ರಿ?”

ಅಟ್ಟದ ಮೂಲೆಯಲ್ಲಿ ಮಡಚಿಟ್ಟಿದ್ದ ಚೀಲವನ್ನು ಬಿಚ್ಚಿದರೆ ಹೊಲಿಗೆಯ ಮೂಲೆಯಲ್ಲಿ ಯೂರಿಯಾ ಹರಳು ಇನ್ನೂ ಗಟ್ಟಿಯಾಗಿ ಕೂತಿತ್ತು. ಕುಣಿಯಲಾರದವಳಿಗೆ ನೆಲ ಡೊಂಕು ಅನ್ನುವುದನ್ನು ಎಷ್ಟು ಜನರಿಗೆ ನಾನೇ ಹೇಳಿದ್ದೆನೋ. ಸಾಹುಕಾರರು ಗೋಡೆಯ ಕಡೆ ನೋಡುತ್ತಾ ನಿಂತರು. “ಗೋಡಿಗೆ ಗೊಬ್ಬರ ಹಾಕೀರಿ, ತೆನಿನೂ ಬರ್ದೀರಿ,” ಎಂದರು ನಗದೆಯೇ. “ಇನ್ನ ಕೊಯ್ಯೋದೊಂದು ಬಾಕಿ.” ನಾನು ಕ್ಷಮಿಸಿ ಎಂದೆ, ಅಷ್ಟು ಸಣ್ಣ ದನಿಯಲ್ಲಿ ನಾನು ಮದುವೆಯ ದಿನವೂ ಮಾತಾಡಿರಲಿಲ್ಲ. ಅವರು ಮಂಡಿ ಹಿಡಿದುಕೊಂಡು ಇಳಿದು ಹೋದರು. ಅಟ್ಟ ಹೋಯಿತು ಎಂದುಕೊಂಡೆ.

ಮಗಳೂ ನಾನೂ ಎರಡು ದಿನ ಗೋಡೆ ಕೆರೆದೆವು, ನೀರು ಹಾಕಿ ತೊಳೆದೆವು. ಮೂರನೆಯ ದಿನ ಮೆಟ್ಟಿಲ ಬುಡದಲ್ಲಿ ಒಂದು ಬಿದಿರಿನ ಬುಟ್ಟಿ ಇತ್ತು, ತುಂಬ ನುಣ್ಣನೆಯ ಕೆಂಪು ಮಣ್ಣು. ತೊಗರ್ಸಿಯ ಅವರ ಹೊಲದ್ದಂತೆ. ಸಾಹುಕಾರರ ಮನೆಯವರೇ ಜರಡಿ ಹಿಡಿದು ಕೊಟ್ಟರಂತೆ. ಹಾಗೆಂದು ಅಂಗಡಿಯ ಹಮಾಲಿ ಹೇಳಿದ, ಸಾಹುಕಾರರು ರಸೀದಿ ಬರೆಯುತ್ತಾ ತಲೆ ಎತ್ತಲಿಲ್ಲ. ಮತ್ತೆ ಬಳಿದೆ. ಆದರೆ ತೊಳೆದ ಗೋಡೆ ಒಣಗಲು ಬಹಳ ದಿನ ಹಿಡಿದಿತ್ತು, ಮೇ ತಿಂಗಳು ಮುಗಿಯುತ್ತಾ ಬಂದಿತ್ತು. ದಂಡಿಗೆ ಅರ್ಧ ಬರೆಯುವಷ್ಟರಲ್ಲಿ ಕೆಳಗೆ ಲಾರಿ ಬಂದು ನಿಂತ ಸದ್ದಾಯಿತು.

ಮೇಲಿಂದ ನೋಡಿದೆ. ಲಾರಿಯಲ್ಲಿ ಬೀಜದ ಚೀಲಗಳು ಮಾಡಿನಷ್ಟು ಎತ್ತರಕ್ಕಿದ್ದವು. ನಾನು ಕಡ್ಡಿಗಳನ್ನು ಬಾಟಲಿಗೆ ಹಾಕಿದೆ, ಅಮ್ಮನ ಸೀರೆ ಬಿಚ್ಚಲು ಕೈ ಎತ್ತಿದೆ. ಜಗಳಕ್ಕೆ ಒಂದು ಮಾತೂ ಹುಟ್ಟಲಿಲ್ಲ, ಜಗಳವಾಡುವ ಹಕ್ಕನ್ನು ನಾನು ಆ ಮಧ್ಯಾಹ್ನವೇ ಖರ್ಚು ಮಾಡಿಕೊಂಡಿದ್ದೆ. ಹಮಾಲಿ ಮೊದಲ ಚೀಲ ಹೊತ್ತು ಮೆಟ್ಟಿಲಿಗೆ ಕಾಲಿಟ್ಟದ್ದು ಕೇಳಿಸಿತು. ಅದರ ಹಿಂದೆಯೇ ಸಾಹುಕಾರರ ದನಿ:

“ಮ್ಯಾಲೆ ಬ್ಯಾಡಪ್ಪ, ಅಲ್ಲಿ ಕೆಲಸ ನಡದೈತಿ. ನನ್ನ ಮಂಚ ತಗದು ಜಗಲಿಗೆ ಹಾಕು, ಅದರ ಜಾಗದಾಗ ಚೀಲ ಪೇರಿಸು.”

ನಾನು ಇಳಿದು ಬರುವಷ್ಟರಲ್ಲಿ ಹಮಾಲಿ ಮಂಚದ ಒಂದು ತುದಿ ಎತ್ತಿದ್ದ. ಇನ್ನೊಂದು ತುದಿಯನ್ನು ನಾನು ಹಿಡಿದೆ. ಸಾಹುಕಾರರು ಬೇಡವೆನ್ನಲಿಲ್ಲ, ಬಾಗಿಲಿಗೆ ತಾಗೀತು ಎಂದಷ್ಟೇ ಎಚ್ಚರಿಸಿದರು. ಅವರ ತಂದೆಯ ಕಾಲದಿಂದ ಒಂದೇ ಕಡೆ ಇದ್ದ ಮಂಚ, ನೆಲದ ಮೇಲೆ ನಾಲ್ಕು ಕಾಲಿನ ಗುರುತು ಉಳಿದಿತ್ತು. ಆ ಗುರುತಿನ ಮೇಲೆ ಚೀಲಗಳು ಬಂದು ಕೂತವು.

ಜಗಲಿಗೆ ಪಡುವಣ ಬಿಸಿಲು ನೇರ ಹೊಡೆಯುತ್ತದೆ. ಮಾರನೆಯ ದಿನವೇ ಗೋಡೆಯ ಕೆಲಸ ಬಿಟ್ಟು ಒಂದು ದಪ್ಪ ಖಾದಿ ಬಟ್ಟೆಗೆ ಕೆಮ್ಮಣ್ಣು ಬಳಿದು, ಅಂಚಿನುದ್ದಕ್ಕೂ ತೆನೆ ಬರೆದೆ. ಆ ಕೋಣೆಯಲ್ಲಿ ಪೂರ್ತಿಯಾದ ಮೊದಲ ಕೆಲಸ ಅದು. ಮಂಚದ ಮೇಲೆ ಬಿಸಿಲು ಬೀಳದ ಹಾಗೆ ಜಗಲಿಯ ಕಂಬಗಳಿಗೆ ಕಟ್ಟಿದೆ. ಸಾಹುಕಾರರು ಮಲಗಿದಲ್ಲಿಂದಲೇ ಬಹಳ ಹೊತ್ತು ನೋಡಿದರು. “ಇಷ್ಟ್ ಚಂದ ಬರ್ದು ಹೊರಗ್ಯಾಕ ಕಟ್ಟಿದ್ರಿ? ಮಳಿ ಬಂದ್ರ ಬಣ್ಣ ಇಳೀತೈತಿ.”

“ಇಳೀಲಿ ಬಿಡಿ, ಇನ್ನೊಂದು ಬರ್ಕೊಡ್ತೀನಿ,” ಎಂದೆ. “ಬರಿಯಕ್ಕೆ ನಂಗೆ ಜಾಗ ಇದ್ಯಲ್ಲ.”