ಕರೆಂಟು ಸೋಮ

ನನ್ನ ಮಗಳು ಮಾಧವಿಯ ಕೈಗೆ ಮೊದಲ ಸಲ ಸ್ಕ್ರೂಡ್ರೈವರ್ ಕೊಟ್ಟ ಪುಣ್ಯಾತ್ಮ ಯಾರೋ ಗೊತ್ತಿಲ್ಲ. ಸಿಕ್ಕಿದರೆ ನಾಲ್ಕು ಮಾತು ಕೇಳುವುದಿದೆ. ಮದರಾಸಿನ ತಾಂಬರಂನ ನಮ್ಮ ಮನೆಯಲ್ಲಿ ಅವಳು ಬಿಚ್ಚಿದ್ದುಂಟು, ಮೊದಲಿದ್ದ ಹಾಗೆ ಕೂಡಿಸಿದ್ದಿಲ್ಲ. ಕಾಲಿಂಗ್ ಬೆಲ್ ಬಿಚ್ಚಿದಳು. ಅಂದಿನಿಂದ ಹಾಲಿನವನು ಗೇಟು ಬಡಿಯುತ್ತಾನೆ. ಮಿಕ್ಸಿ ಬಿಚ್ಚಿದಳು, ಅದೀಗ ಚಟ್ನಿ ರುಬ್ಬುವಾಗ ಬೀದಿಗೆಲ್ಲ ಕೇಳುವಂತೆ ಅರಚುತ್ತದೆ. ಬೈದರೆ, "ಸರಿ ಪಣ್ಣಿಡ್ರೇನ್ ಮಾ, ಟೆನ್ಷನ್ ಆಗ್ಬೇಡ" ಎಂದು ರಿಪೇರಿಯ ಭರವಸೆ ಕೊಟ್ಟು ನನಗೇ ಸಮಾಧಾನ ಹೇಳುತ್ತಾಳೆ. ನಾವು ಮನೆಯಲ್ಲಿ ತುರುವೇಕೆರೆ ಕಡೆಯ ಕನ್ನಡ ಆಡಿದರೆ ಅವಳ ಉತ್ತರ ತಮಿಳು, ಇಂಗ್ಲಿಷು, ಅಂಚಿನಲ್ಲಿ ಉಪ್ಪಿನಕಾಯಿಯಷ್ಟು ಕನ್ನಡ. ಹುಟ್ಟಿದ್ದು, ಓದಿದ್ದು, ಬಿದ್ದು ಮೊಣಕಾಲು ತರಚಿಕೊಂಡದ್ದು ಎಲ್ಲ ಇಲ್ಲೇ ಆದ ಮೇಲೆ ಇನ್ನೇನಾಗುತ್ತದೆ?

ನಮ್ಮ ಮಾವನವರು ರೈಲ್ವೆ ಕೆಲಸಕ್ಕೆಂದು ಮದರಾಸಿಗೆ ಬಂದವರು. ಆದರೂ ವರ್ಷಕ್ಕೊಮ್ಮೆ ರಜೆ ಹಾಕಿ ಊರಿಗೆ ಹೋಗಿ ಸೋಮನನ್ನು ಹೊರುತ್ತಿದ್ದರು. ಸೋಮ ಎಂದರೆ ಗ್ರಾಮದೇವತೆಯ ಕಾವಲು ಬಂಟ. ಕೆಂಪು ಬಳಿದ ದೊಡ್ಡ ಮರದ ಮುಖ, ಉಬ್ಬುಗಣ್ಣು, ಕೋರೆಹಲ್ಲು. ಅದನ್ನು ತಲೆಯ ಮೇಲೆ ಹೊತ್ತವರು ತಮಟೆಗೆ ಪೆಟ್ಟು ಬಿದ್ದ ಕೂಡಲೇ ಕುಣಿಯಬೇಕು. ತಮಟೆ ಕೇಳಿಯೂ ಸೋಮ ನಿಂತಲ್ಲೇ ನಿಂತರೆ ಅಮ್ಮನಿಗೆ ಸಿಟ್ಟು ಬರುತ್ತದೆ ಎಂದು ನಮ್ಮತ್ತೆ ಶಾರದಮ್ಮನವರು ಇಂದಿಗೂ ನಂಬುತ್ತಾರೆ. ಮಾವನವರು ಹೋದ ಮೇಲೆ ನಮ್ಮ ಮನೆಯಿಂದ ಹೊರುವವರಿಲ್ಲ. ಅವರ ಒಬ್ಬನೇ ಮಗ, ಅಂದರೆ ನನ್ನ ಗಂಡ ಸುರೇಶ, ಬ್ಯಾಂಕಿನ ಕೌಂಟರಿನ ಹಿಂದೆ ಹುಲಿ, ಅವರಮ್ಮನ ಮುಂದೆ ಇಲಿ, ತಲೆಯ ಮೇಲೆ ಏನಾದರೂ ಇಟ್ಟರೆ ಕುತ್ತಿಗೆ ನೋವು.

ಹೊರುವ ಆಸೆ ಇದ್ದದ್ದು ಮಾಧವಿಗೆ. ಚಿಕ್ಕಂದಿನಲ್ಲಿ ತಾತನ ಕುಣಿತ ಕಂಡಾಗಿನಿಂದ ಅದೊಂದೇ ಜಪ. ಅಜ್ಜಿ ಪ್ರತಿಸಲವೂ ಒಂದೇ ಏಟಿಗೆ ಮುಗಿಸುತ್ತಿದ್ದರು.

"ಹೆಣ್ಣಿನ ತಲೆ ಮ್ಯಾಲೆ ಸೋಮ ಏರಾಕಿಲ್ಲ ಕಣೇ. ನಿಮ್ ತಾತಂಗೆ ಒಬ್ಬ ಗಂಡು ಮೊಮ್ಮಗ ಇದ್ದಿದ್ರೆ ಬ್ಯಾರೆ ಮಾತು."

ಈ ಮಾತು ಕೇಳಿದಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು. ಹೆತ್ತವಳು ನಾನು ಅಲ್ಲವೇ? ಮಾಧವಿ ಮಾತ್ರ ಎದ್ದುಹೋಗಿ ಏನಾದರೊಂದನ್ನು ಬಿಚ್ಚುತ್ತಿದ್ದಳು. ಮಿಕ್ಸಿ ಹಾಳಾದದ್ದು ಅಂಥದ್ದೇ ಒಂದು ದಿನ.

ಎರಡು ಸಾವಿರದ ಐದರಲ್ಲಿ ಅವಳು ಎಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದಳು. ಕಾಲೇಜಿನಲ್ಲಿ ಒಂದು ಸ್ಪರ್ಧೆ ಇಟ್ಟರು: ಮೈಮೇಲೆ ತೊಡುವಂಥ ಎಲೆಕ್ಟ್ರಾನಿಕ್ ವಸ್ತು ಮಾಡಬೇಕು, ಅದು ತೊಟ್ಟವರು ಯಾರೆಂದು ಹೇಳಬೇಕು. ಉಳಿದ ಮಕ್ಕಳು ಮಿಣುಕುವ ಟೋಪಿ, ಹಾಡುವ ಬೆಲ್ಟು ಎಂದು ಹೊರಟರು. ನಮ್ಮವಳು ಸೋಮನ ಮುಖ ಎಂದಳು. ಮರದ್ದಲ್ಲ, ಕರೆಂಟಿನದು. ತಮಟೆ ಕೇಳಿಸಿದರೆ ತಾನೇ ಕಣ್ಣು ಬೆಳಗಿ ಹುಬ್ಬು ಹಾರಿಸುವಂಥದ್ದು.

ಅಪ್ಪನ ಸ್ಕೂಟರ್ ಹೆಲ್ಮೆಟ್ಟು ಮೊದಲು ಮಾಯವಾಯಿತು. ಎಲೆಕ್ಟ್ರಾನಿಕ್ ಸಾಮಾನಿನ ಅಂಗಡಿಗಳಿರುವ ರಿಚಿ ಸ್ಟ್ರೀಟಿಗೆ ಹೋಗಿ ಮಣಿಯಂಥ ಪುಟ್ಟ ಬಲ್ಬುಗಳು, ಮೈಕು, ಬ್ಯಾಟರಿ ತಂದಳು. ಮುಖದ ಅಚ್ಚಿಗೆ ಏನು ಮಾಡುವುದು? ಊರಿನ ಸೋಮ ಗುಡಿಯಲ್ಲಿದ್ದಾನೆ. ಒಂದು ದಿನ ಕೋಯಂಬೇಡಿನ ಮಾರ್ಕೆಟ್ಟಿಗೆ ತರಕಾರಿ ತರಲು ಕಳಿಸಿದೆ. ತರಕಾರಿ ಬರಲಿಲ್ಲ, ಬಂದದ್ದು ದೃಷ್ಟಿಬೊಂಬೆ. ಕಟ್ಟುತ್ತಿರುವ ಮನೆಗಳ ಮುಂದೆ ಬೂದುಗುಂಬಳದ ಜೊತೆ ನೇತುಹಾಕುತ್ತಾರಲ್ಲ, ಮೀಸೆ ಬಿಟ್ಟು ನಾಲಿಗೆ ಚಾಚಿದ ರಾಕ್ಷಸನ ಮುಖ, ಅದೇ. ಆ ಅಚ್ಚಿನ ಮೇಲೆ ಕಾಗದ ಮೆತ್ತಿ ಒಣಗಿಸಿ, ಎಡಗಡೆ ಸೋಮನ ಕೆಂಪು, ಬಲಗಡೆ ಬೊಂಬೆಯ ಹಸಿರು ಬಳಿದಳು. ಮೀಸೆಯನ್ನೂ ಅರ್ಧ ಉಳಿಸಿಕೊಂಡು, ಅದನ್ನು ಹೆಲ್ಮೆಟ್ಟಿನ ಮೇಲೆ ಕೂರಿಸಿದಳು. ಅಯ್ಯೋ ರಾಮ, ಊರಲ್ಲಿ ಹುಟ್ಟಿ ಬೆಳೆದವರು ಯಾರಾದರೂ ಇಂಥ ಕೆಲಸಕ್ಕೆ ಕೈ ಹಾಕುತ್ತಾರೆಯೇ?

ಅಜ್ಜಿ ನೋಡಿದರು. ಮನೆ ನಡುಗಿತು.

"ಬೀದೀಲಿ ನೇತಾಕೋ ಪಿಶಾಚಿ ಮೊಕಾನ ಸೋಮ ಅಂತೀಯೇನೇ? ನಿನ್ ಬಾಯಿಗ್ ಮಣ್ಣು ಬೀಳಾ!"

ಮಾಧವಿ ಹೆದರಲಿಲ್ಲ. "ರೆಂಡುಮೇ ಕಾವಲ್ ದಾನೇ ಅಜ್ಜಿ? ಎರಡೂ ಕಾವಲೇ ಅಲ್ವಾ? ಅಲ್ಲಿ ಊರು ಕಾಯೋದು ಸೋಮ. ಇಲ್ಲಿ ಮನೆ ಕಾಯೋದು ಇವನು. ನಾನು ಅಲ್ಲೀದೂ ಹೌದು, ಇಲ್ಲೀದೂ ಹೌದು. ನನ್ನ ಸೋಮ ಹೀಗೇ ಇರ್ತಾನೆ."

ಅವಳು ಒಂದೇ ಉಸಿರಿಗೆ ಅಷ್ಟು ಕನ್ನಡ ಆಡಿದ್ದನ್ನು ನಾನು ಅಂದೇ ಕೇಳಿದ್ದು. ಅಜ್ಜಿ ಸಿಟ್ಟಿಗೆ ಊಟ ಬಿಟ್ಟರು. ಸಂಜೆ ಬಿಸಿ ಬಿಸಿ ಬೋಂಡಾ ಮಾಡಿದ ಮೇಲೆ ಹಟ ತುಸು ಇಳಿಯಿತು.

ಸೋಮನ ಕಿವಿಯದೇ ದೊಡ್ಡ ರಗಳೆಯಾಯಿತು. ಮೊದಮೊದಲು ಅವನು ಯಾವ ಸದ್ದಿಗೂ ಕಣ್ಣು ಬಿಡುತ್ತಿದ್ದ. ಕುಕ್ಕರ್ ಕೂಗಿದರೆ ಪಳಪಳ. ಎಲೆಕ್ಟ್ರಿಕ್ ರೈಲು ಹೋದರೆ ಪಳಪಳ. ಹುಳಿಗೆ ಬೆಲ್ಲ ಹಾಕಬೇಕೋ ಬೇಡವೋ ಎಂದು ನಾನೂ ಅತ್ತೆಯೂ ಮಾತಿಗೆ ಮಾತು ಬೆಳೆಸಿದ ದಿನವಂತೂ ಹುಬ್ಬು ಹಾರಿ ಹಾರಿ ಅದರ ತಂತಿಯೇ ಕಿತ್ತುಬಂತು. "ನಿನ್ನ ವಾಯ್ಸ್‌ಗೇ ಜಾಸ್ತಿ ಬರ್ತಾನಮ್ಮಾ" ಎಂದಳು ತಲೆಹರಟೆ. ಆಮೇಲೆ ತಮಟೆಯ ದಪ್ಪ ಸದ್ದು ಬಿಟ್ಟು ಬೇರೆ ಯಾವುದೂ ಕೇಳಿಸದಂತೆ ಅವನ ಕಿವಿ ತಿದ್ದಿದಳು.

ಕಾಲೇಜಿನಲ್ಲಿ ಅದಕ್ಕೆ ಎರಡನೇ ಬಹುಮಾನ ಬಂತು. ಅವಳ ಮುಖದಲ್ಲಿ ಅಂಥ ಸಂತೋಷವೇನೂ ಕಾಣಲಿಲ್ಲ. ಅಲ್ಲಿ ಅದನ್ನು ಮೇಜಿನ ಮೇಲಿಟ್ಟು ತೋರಿಸಿ ಬಂದಿದ್ದಳು. ಅಜ್ಜಿ ಒಪ್ಪದೆ ತಲೆಯ ಮೇಲೆ ಇಟ್ಟುಕೊಳ್ಳಲು ಅವಳಿಗೆ ಮನಸ್ಸು ಬಂದಿರಲಿಲ್ಲ. ಹಟಮಾರಿ ನಿಜ, ಆದರೆ ಕದ್ದು ಹೊರುವ ಜಾತಿಯಲ್ಲ.

ಆಡಿ ತಿಂಗಳ, ಅಂದರೆ ನಮ್ಮ ಆಷಾಢದ ಹೊತ್ತಿನ, ಒಂದು ಭಾನುವಾರ ನಮ್ಮ ಕನ್ನಡ ಸಂಘದ ವಾರ್ಷಿಕೋತ್ಸವ. ಅಧ್ಯಕ್ಷ ಸೀತಾರಾಮ ಅವರಿಗೆ ಸುದ್ದಿ ಮುಟ್ಟಿತು. ಅವರು, ಸಭೆಯಲ್ಲಿ ಸೋಮನ ಕುಣಿತ ಆಗಲೇಬೇಕು ಎಂದರು. ಮಾಧವಿ ಅಜ್ಜಿಯ ಕಾಲ ಬಳಿ ಕೂತು ಕೇಳಿದಳು.

"ಒಂದೇ ಸಲ ಅಜ್ಜಿ. ಪ್ಲೀಸ್."

"ಕಾಗದದ್ದೋ ಕರೆಂಟಿಂದೋ, ಸೋಮ ಅಂದ್ಮ್ಯಾಲೆ ಸೋಮಾನೇ. ಸುರೇಶ ಹೊರ್ಲಿ. ಅಷ್ಟೇ."

"ಆಯ್ತು ಅಜ್ಜಿ" ಎಂದಳು, ಅಚ್ಚ ಕನ್ನಡದಲ್ಲಿ. ಆ ದಿನ ಮನೆಯಲ್ಲಿ ಯಾವ ಸಾಮಾನನ್ನೂ ಬಿಚ್ಚಲಿಲ್ಲ.

ಭಾನುವಾರ ಸುರೇಶ ವೇದಿಕೆ ಹತ್ತಿದರು. ತಲೆಯ ಮೇಲೆ ಸೋಮ, ಕೊರಳಿಗೆ ನೋವಿನ ಪಟ್ಟಿ. ಸಾಲ ಕೇಳಲು ಬಂದವರ ಹಾಗೆ ಕೈಕಟ್ಟಿ ನಿಂತರು. ಸಂಘದವರು ತಮಟೆಯ ಕ್ಯಾಸೆಟ್ ಹಾಕಿದರು. ಆ ಹಳೆಯ ಸ್ಪೀಕರಿನಲ್ಲಿ ತಮಟೆ ಬಿಸ್ಕತ್ತು ಡಬ್ಬಿ ಬಡಿದಂತೆ ಟಿಂಟಿಣಿ ಎಂದಿತು. ಸೋಮ ಕಣ್ಣು ಬಿಡಲಿಲ್ಲ. ಮತ್ತೆ ಹಾಕಿದರು. ಊಹೂಂ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಮಾಧವಿ ತುಟಿ ಕಚ್ಚಿ ವೇದಿಕೆಯ ಪಕ್ಕದಲ್ಲಿ ನಿಂತಿದ್ದಳು. ಸೀತಾರಾಮ ಅವರು ಮೈಕು ಹಿಡಿದು, "ತಾಂತ್ರಿಕ ಕಾರಣಗಳಿಂದಾಗಿ…" ಎಂದು ಶುರು ಮಾಡಿದರು.

ಆಗಲೇ ಹೊರಗೆ ಧಣ್ಣೆಂದಿತು.

ಆಡಿ ಭಾನುವಾರ ಇಲ್ಲಿ ಅಮ್ಮನ ವಾರವಲ್ಲವೇ, ಬೀದಿಯ ಅಮ್ಮನ ಗುಡಿಯವರು ಹರಕೆಯ ಗಂಜಿ ಹುಯ್ಯಲು ಮೆರವಣಿಗೆ ಹೊರಟಿದ್ದರು. ಬೇವಿನ ಸೊಪ್ಪು, ಹಳದಿ ಸೀರೆ, ಮುಂದೆ ಡೋಲು, ತಮಟೆ. ಒಂದೊಂದು ಪೆಟ್ಟಿಗೂ ಕಿಟಕಿಯ ಗಾಜು ಅದುರಿತು. ಸುರೇಶರ ತಲೆಯ ಮೇಲೆ ಸೋಮ ಭಗ್ಗೆಂದು ಹೊತ್ತಿಕೊಂಡ. ಕೆಂಪು ಕಣ್ಣು, ಹಸಿರು ಕಣ್ಣು, ಹಾರುವ ಹುಬ್ಬು, ಅರ್ಧ ಮೀಸೆಯ ಸಾಲಿನಲ್ಲೂ ಬೆಳಕು. ಮಕ್ಕಳೆಲ್ಲ ಕಿರುಚಿ ಬೆಂಚು ಹತ್ತಿದರು.

ಸೀತಾರಾಮ ಅವರು ಕೈ ಆಡಿಸಿದರು. "ಆಫ್ ಮಾಡಮ್ಮಾ, ಆಫ್! ಅದು ನಮ್ಮ ತಮಟೆ ಅಲ್ಲ!"

"ಬಾಯ್ ಮುಚ್ಕೊಳಯ್ಯಾ!"

ನಮ್ಮತ್ತೆ ಎದ್ದು ನಿಂತಿದ್ದರು. ಸಂಘದ ಅಧ್ಯಕ್ಷರಿಗೆ, ತುಂಬಿದ ಸಭೆಯಲ್ಲಿ! ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು, ಒಳಗೊಳಗೆ ಖುಷಿಯೂ ಆಯಿತು.

"ಅಮ್ಮನ್ ತಮಟೆ ಅದು. ತುರುವೇಕೆರೆ ಆದ್ರೇನು, ತಾಂಬರಂ ಆದ್ರೇನು? ಸೋಮಂಗ್ ಕೇಳಿಸ್ತು, ಎದ್ದ." ಆಮೇಲೆ ವೇದಿಕೆಯ ಕಡೆ ತಿರುಗಿದರು. "ಲೇ ಸುರೇಶ, ಕುಣಿಯೋ! ಎದ್ದಿರೋ ಸೋಮನ್ನ ನಿಲ್ಲುಸ್ಬ್ಯಾಡ ಕಣೋ!"

ಸುರೇಶ ಒಂದು ಕಾಲು ಎತ್ತಿದರು, ಕುತ್ತಿಗೆ ಹಿಡಿದುಕೊಂಡರು, ಕಾಲು ಕೆಳಗಿಟ್ಟರು. "ಆಗಲ್ಲಮ್ಮಾ."

ಹೊರಗೆ ತಮಟೆ ಏರುತ್ತಿತ್ತು. ಅತ್ತೆಯ ಮುಖ ನೋಡಲಾಗುತ್ತಿರಲಿಲ್ಲ. ಹೆಣ್ಣು ಹೊತ್ತರೆ ತಪ್ಪು, ಸೋಮ ನಿಂತರೂ ತಪ್ಪು. ನಾನು ಬಾಯಿ ತೆರೆದಿದ್ದರೆ ಎಲ್ಲ ಕೆಡುತ್ತಿತ್ತು, ಅದಕ್ಕೇ ಸೆರಗನ್ನು ಬಾಯಿಗೆ ತುರುಕಿಕೊಂಡು ಕೂತೆ. ಅತ್ತೆ ದಡದಡ ವೇದಿಕೆ ಹತ್ತಿ, ಮಗನ ತಲೆಯಿಂದ ಸೋಮನನ್ನು ತಾವೇ ಇಳಿಸಿದರು.

"ಬಾರೇ ಇಲ್ಲಿ" ಎಂದರು ಮಾಧವಿಗೆ. "ಬಗ್ಗು."

ಅವಳು ನಂಬದೆ ನನ್ನ ಕಡೆ ನೋಡಿದಳು.

"ನಿಮ್ಮಮ್ಮನ್ ಮೊಕ ಏನ್ ನೋಡ್ತೀಯೆ? ಬಗ್ಗು ಅಂದೆ."

ಬಗ್ಗಿದಳು. ಅಜ್ಜಿ ಗದ್ದದ ಪಟ್ಟಿ ಬಿಗಿದು, ಸೋಮನಿಗೆ ಕೈಮುಗಿದು, ಮೊಮ್ಮಗಳ ಬೆನ್ನಿಗೆ ಒಂದು ಗುದ್ದು ಕೊಟ್ಟರು. ಆಮೇಲೆ ಅವಳನ್ನು ಹಿಡಿಯುವವರು ಯಾರು? ವೇದಿಕೆ ಸಾಲಲಿಲ್ಲ. ಸಭೆಯ ನಡುವಿನಿಂದ ಕುಣಿಯುತ್ತಾ ಬಾಗಿಲು ದಾಟಿ ಬೀದಿಗಿಳಿದಳು, ಹಿಂದೆ ಅಜ್ಜಿ, ಅಜ್ಜಿಯ ಹಿಂದೆ ಇಡೀ ಸಂಘ. ಡೋಲಿನವರು ಒಂದು ಕ್ಷಣ ಬೆರಗಾಗಿ, ಆಮೇಲೆ ಅವಳ ಹೆಜ್ಜೆಗೆ ಸರಿಯಾಗಿ ಬಾರಿಸತೊಡಗಿದರು. ನನಗೆ ಕಣ್ಣೀರು ತಡೆಯಲಾಗಲಿಲ್ಲ.

ಗಂಜಿಯ ಪಾತ್ರೆ ಹೊತ್ತ ಹೆಂಗಸೊಬ್ಬಳು ಅತ್ತೆಯ ಪಕ್ಕಕ್ಕೆ ಬಂದು, "ಇದು ಎಂದ ಸಾಮಿ ಪಾಟ್ಟಿ?" ಎಂದು ಕೇಳಿದಳು, ಇದು ಯಾವ ದೇವರು ಅಜ್ಜಿ ಎಂದು.

"ಎಂಗ ಊರು ಸಾಮಿ" ಎಂದರು ಅತ್ತೆ, ನಮ್ಮೂರ ದೇವರು ಎಂದು. ಅಷ್ಟಕ್ಕೆ ಬಿಡದೆ ಆ ಹೆಂಗಸಿನ ತೋಳು ಹಿಡಿದು ನಿಲ್ಲಿಸಿ, ಡೋಲಿನ ಸದ್ದನ್ನೂ ಮೀರಿ ಬೀದಿಗೆಲ್ಲ ಕೇಳುವಂತೆ ಎರಡೂ ಭಾಷೆಯಲ್ಲಿ ಕೂಗಿ ಹೇಳಿದರು: "ಹೊತ್ತಿರೋಳು ನನ್ ಮೊಮ್ಮಗಳು! ಎನ್ ಪೇತ್ತಿ!"