ಸಂಕ್ರಾಂತಿಯೋ ಯುಗಾದಿಯೋ

"ಹೊಟ್ಟೆ ಉಬ್ಬರ ಶುರುವಾಗಿದ್ದು ಯಾವಾಗ?"

ಡಾಕ್ಟರ್ ಕೇಳಿದ್ದು ಇಷ್ಟೇ. ನಾನು "ಯುಗಾದಿ ಆದ್ಮೇಲೆ" ಅಂದೆ. ಅಕ್ಕ "ಸಂಕ್ರಾಂತಿ ಹೊತ್ತಿಗೇ" ಅಂದಳು. (ನಮ್ಮ ಮನೆಯಲ್ಲಿ ತಾರೀಖು ಅಂದರೆ ಹಬ್ಬ.)

ಅಕ್ಕನಿಗೆ ಅಂಡಾಶಯದ ಕ್ಯಾನ್ಸರ್. ಕೊನೆಯ ಕಿಮೋ ಮುಗಿದದ್ದು ಗೌರಿ ಹಬ್ಬಕ್ಕೆ. ಈಗ ಮತ್ತೆ ಬಂದಿದೆ.

"ಆರು ತಿಂಗಳ ಒಳಗೇ ವಾಪಸ್ ಬಂದಿದ್ರೆ ಹಳೇ ಔಷಧಿಗೆ ಸಾಮಾನ್ಯವಾಗಿ ಬಗ್ಗಲ್ಲಮ್ಮ. ಆರು ದಾಟಿದ್ರೆ ಅದನ್ನೇ ಮತ್ತೆ ಕೊಡಬಹುದು" ಅಂದರು ಡಾಕ್ಟರ್. ಕಿಮೋಗೆ ಬಹುಪಾಲು ಕೋಶಗಳು ಸಾಯುತ್ತವಂತೆ, ಕೆಲವು ಉಳಿಯುತ್ತವಂತೆ. ಔಷಧಿ ಒಳಗೆ ಬಂದರೆ ಹೊರಗೆ ತಳ್ಳುವಂಥವು, ಬಿದ್ದ ಏಟನ್ನು ತಾವೇ ರಿಪೇರಿ ಮಾಡಿಕೊಳ್ಳುವಂಥವು. ಮತ್ತೆ ಬೆಳೆಯುವುದು ಅವುಗಳ ಸಂತಾನವೇ.

ದೊಡ್ಡಬಳ್ಳಾಪುರದ ಹತ್ತಿರ ದ್ರಾಕ್ಷಿ ಬೆಳೆಯುವ ಬಾವನಿಗೆ ಇದು ಹೊಸದಲ್ಲ. "ನಮ್ ತೋಟದಲ್ಲೂ ಹಂಗೇ ಸಾರ್. ಒಂದೇ ಔಷಧಿ ಹೊಡೀತಿದ್ರೆ ರೋಗ ಕ್ಯಾರೇ ಅನ್ನಲ್ಲ. ಅಂಗಡಿಯೋನು ಬೇರೆ ಕೊಡ್ತಾನೆ."

"ನನ್ನತ್ರಾನೂ ಬೇರೆ ಇದೆ ಯಜಮಾನ್ರೇ. ನಿಮ್ ಅಂಗಡಿಯೋನ ಹತ್ರ ಇರೋಷ್ಟಿಲ್ಲ."

ಬಾವ ನಗಲಿಲ್ಲ. ಅಕ್ಕ ಥಟ್ಟನೆ ಅಂದಳು: "ಇವಳು ಹೇಳಿದ್ದೇ ಸರಿ ಸಾರ್. ಯುಗಾದಿ."

ನಾನು ಬೆರಳು ಮಡಿಸಿ ಎಣಿಸಿದೆ: ಗೌರಿಯಿಂದ ಸಂಕ್ರಾಂತಿಗೆ ಐದು ತಿಂಗಳೂ ಇಲ್ಲ, ಯುಗಾದಿಗಾದರೆ ಆರು ದಾಟುತ್ತದೆ. ನಾನೇಕೆ ಯುಗಾದಿ ಅಂದೆ? ನೆನಪಿತ್ತೇ, ಅಥವಾ ಹಾಗೇ ಇರಲಿ ಅಂತ ಆಸೆಯೇ?

ಮನೆಗೆ ಬಂದವಳೇ ಡೈರಿ ತೆಗೆದೆ. (ನನ್ನ ನೆನಪನ್ನು ನಾನು ನಂಬುವುದಿಲ್ಲ, ಅದಕ್ಕೇ ಬರೆಯುವುದು.) ಸಂಕ್ರಾಂತಿಯ ದಿನ ಬರೆದಿದ್ದೆ: "ಅಕ್ಕನ ಮನೆಗೆ ಎಳ್ಳು ಕೊಟ್ಟು ಬಂದೆ. ಮೈಕೈ ತುಂಬಿಕೊಂಡು ಲಕ್ಷಣವಾಗಿದ್ದಾಳೆ. ಸದ್ಯ, ಹೊಟ್ಟೆನೂ ಬಂದಿದೆ! ದೃಷ್ಟಿ ತೆಗೀಬೇಕು."

ತೆಗೆದೂ ಇದ್ದೆವು.

ಕಾಯಿಲೆಯವರು ದಪ್ಪಗಾದರೆ ನಮಗೆಷ್ಟು ಖುಷಿ! ಯಾರಾದರೂ ಸೆರಗು ಸರಿಸಿ ನೋಡಿದೆವಾ? ಅಕ್ಕನಿಗೆ ಫೋನ್ ಮಾಡಿದೆ.

"ಲಂಗದ ಲಾಡಿ ಬಿಗೀತಾ ಇತ್ತು ಕಣೆ. ನೀವೆಲ್ಲ ಅಷ್ಟು ಖುಷಿಯಾಗಿದ್ರಿ. ಹೆಂಗ್ ಹೇಳ್ಲಿ?"

"ಡಾಕ್ಟರಿಗೆ ಸಂಕ್ರಾಂತಿ ಅಂತ ಹೇಳ್ಬೇಕಲ್ಲಕ್ಕ."

"ಬ್ಯಾಡ್ವೇ. ಯುಗಾದಿ ಅಂದ್ರೆ ಹಳೇ ಔಷಧಿ ಸಿಗುತ್ತೆ. ಅದರಲ್ಲಿ ಒಂದ್ಸಲ ವಾಸಿ ಆಗಿದ್ನಲ್ಲ. ಸಂಕ್ರಾಂತಿ ಅಂದ್ರೆ ಏನ್ ಸಿಗುತ್ತೆ, ಹೇಳು?"

ಫೋನ್ ಇಟ್ಟು ಡೈರಿಯ ಆ ಪುಟ ಮಡಿಸಿಟ್ಟೆ. ಬೆಳಿಗ್ಗೆ ಡೈರಿ ಹಿಡಿದು ಆಸ್ಪತ್ರೆಗೆ ಹೊರಟಿದ್ದೇನೆ. ಸ್ಕ್ಯಾನು, ರಕ್ತಪರೀಕ್ಷೆ ಏನೇ ಹೇಳಲಿ, ಅಕ್ಕ ಮಾತು ಬಿಟ್ಟರೂ ಬಿಡಲಿ.

ನನ್ನ ಸಮಾಧಾನಕ್ಕೆ ಹೇಳಿದ ತಾರೀಖು ನಂಬಿ ಕೊಡುವ ಔಷಧಿ ಏರುವುದು ಅವಳ ಮೈಗೆ ತಾನೆ?